ನದಿಯ ಹೊಟ್ಟೆಯೊಳಗೆ ಹದಿನೆಂಟು ವರ್ಷ

2024ರ ಮಾರ್ಚ್ 6. ಕೋಲ್ಕತ್ತಾದಲ್ಲಿ ಪ್ರಧಾನಿ ನರೇಂದ್ರ ಮೋದಿ ಮೆಟ್ರೋದ ಹೊಸ ಮಾರ್ಗ ಉದ್ಘಾಟನೆ ಮಾಡಿದ್ರು. ಹೌರಾ ಮೈದಾನದಿಂದ ಎಸ್‌ಪ್ಲನೇಡ್‌ವರೆಗೆ. ಮಧ್ಯದಲ್ಲಿ ಹೂಗ್ಲಿ ನದಿ. ಸೇತುವೆ ಮೇಲೆ ಹೋಗೋ ರೈಲಲ್ಲ ಇದು, ನದಿಯ ತಳಕ್ಕಿಂತ ಕೆಳಗೆ ಹೋಗೋ ರೈಲು. ನೀರಿನಡಿಯ ಸುರಂಗ ಸುಮಾರು 520 ಮೀಟರ್. ರೈಲಿಗೆ ಅದನ್ನ ದಾಟೋಕೆ ಬೇಕಾಗೋದು 45 ಸೆಕೆಂಡ್. 'ದೇಶದಲ್ಲೇ ಮೊದಲು' ಅಂತ ನಾವೆಲ್ಲ ಕೂಗಿದ್ದೇ ಕೂಗಿದ್ದು. ನಾನೂ ಕೂಗಿದೆ. ಆ ನೀಲಿ ಬೆಳಕಿನ ದೃಶ್ಯವನ್ನ ಅವತ್ತು ಎಷ್ಟು ಸಲ ತೋರಿಸಿದ್ವೋ ಲೆಕ್ಕ ಇಲ್ಲ.

ಕಾರ್ಯಕ್ರಮ ಮುಗಿಸಿ ಕಿವಿಯಿಂದ ಇಯರ್‌ಪೀಸ್ ತೆಗೆಯುವಾಗ ಕ್ಯಾಮೆರಾ ಹಿಂದೆ ನಿಂತಿದ್ದ ಹುಡುಗ ಕೇಳಿದ. 'ಸಾರ್, ಅದು ಸರಿ, ಅಗೆಯೋವಾಗ ನೀರು ಒಳಗೆ ನುಗ್ಗಲ್ವಾ? ನಮ್ಮೂರಲ್ಲಿ ಬಾವಿ ತೋಡಿದ್ರೆ ಇಪ್ಪತ್ತಡಿಗೇ ಮಣ್ಣು ಕುಸಿಯೋಕೆ ಶುರುವಾಗತ್ತೆ.' ಕುಂದಾಪುರದ ಕಡೆಯ ಹುಡುಗ. ಹೊಳೆ ಪಕ್ಕದ ಊರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಧ ಗಂಟೆ ಅದೇ ವಿಷಯ ಮಾತಾಡಿದ್ದೀನಿ, 520 ಮೀಟರ್ ಅಂದೆ, 45 ಸೆಕೆಂಡ್ ಅಂದೆ, ಕೋಟಿ ಲೆಕ್ಕ ಹೇಳಿದೆ. ನೀರು ಯಾಕೆ ಒಳಗೆ ಬರಲಿಲ್ಲ ಅನ್ನೋದೇ ಗೊತ್ತಿಲ್ಲ! ನಾಚಿಕೆ ಆಯ್ತು. ಮನೆಗೆ ಹೋಗಿ ಹುಡುಕಿದೆ, ಓದಿದೆ. ಓದ್ತಾ ಓದ್ತಾ ಕೋಲ್ಕತ್ತಾದಿಂದ ಹೊರಟವನು ಇನ್ನೂರು ವರ್ಷ ಹಿಂದಕ್ಕೆ ಹೋಗಿ ಲಂಡನ್‌ನಲ್ಲಿ ನಿಂತೆ. ಯಾಕಂದ್ರೆ ಆ ಹುಡುಗ ಕೇಳಿದ ಪ್ರಶ್ನೆಯನ್ನ ಅಲ್ಲಿ ಒಬ್ಬ ಮನುಷ್ಯ ತನಗೆ ತಾನೇ ಕೇಳಿಕೊಂಡಿದ್ದ. ಉತ್ತರ ಕೊಡೋಕೆ ಅವನಿಗೆ 18 ವರ್ಷ ಬೇಕಾಯ್ತು.

ಮೊದಲು ಲಂಡನ್ನಿನ ಕಷ್ಟ ಏನು ಅಂತ ನೋಡೋಣ.

1800ರ ಆಸುಪಾಸು. ಥೇಮ್ಸ್ ನದಿ ಲಂಡನ್ನನ್ನ ಎರಡು ಭಾಗ ಮಾಡಿ ಹರಿಯುತ್ತೆ. ಜಗತ್ತಿನ ಹಡಗುಗಳೆಲ್ಲ ಅಲ್ಲಿಗೇ ಬರ್ತಿವೆ. ಸಕ್ಕರೆ, ಚಹಾ, ಮರ, ಹತ್ತಿ. ನದಿಯ ಎರಡೂ ದಡದಲ್ಲಿ ಡಾಕ್‌ಗಳು, ಗೋದಾಮುಗಳು. ಆದ್ರೆ ಒಂದು ದಡದಿಂದ ಇನ್ನೊಂದು ದಡಕ್ಕೆ ಗಾಡಿ ಹೋಗ್ಬೇಕು ಅಂದ್ರೆ? ಮೈಲಿಗಟ್ಟಲೆ ಸುತ್ತಿ ಲಂಡನ್ ಬ್ರಿಡ್ಜ್‌ಗೆ ಬರಬೇಕು. ಅದರಿಂದ ಕೆಳಗೆ, ಸಮುದ್ರದ ಕಡೆಗೆ, ಒಂದೂ ಸೇತುವೆ ಇಲ್ಲ. ಕಟ್ಟೋ ಹಾಗೂ ಇಲ್ಲ. ಯಾಕೆ? ಆಗಿನ ಹಡಗುಗಳು ಹಾಯಿ ಹಡಗುಗಳು. ಪಟಸ್ತಂಭ ಆಕಾಶಕ್ಕೆ ಚುಚ್ಚೋ ಹಾಗಿರುತ್ತೆ. ಸೇತುವೆ ಕಟ್ಟಿದ್ರೆ ಹಡಗು ಒಳಗೆ ಬರಲ್ಲ. ಹಡಗು ಬರದಿದ್ರೆ ಲಂಡನ್ ಬದುಕಲ್ಲ.

ಮೇಲೆ ಹೋಗೋಕಾಗಲ್ಲ ಅಂದ್ಮೇಲೆ ಉಳಿದಿದ್ದು ಒಂದೇ ದಾರಿ. ಕೆಳಗೆ.

ಪ್ರಯತ್ನ ಆಗಿರಲಿಲ್ಲ ಅಂತಲ್ಲ. 1799ರಲ್ಲಿ ರಾಲ್ಫ್ ಡಾಡ್ ಅನ್ನೋ ಎಂಜಿನಿಯರ್ ಗ್ರೇವ್ಸೆಂಡ್ ಹತ್ತಿರ ಕೈ ಹಾಕಿ ಬಿಟ್ಟ. ಆಮೇಲೆ 1805ರಿಂದ 1809ರವರೆಗೆ ಕಾರ್ನ್‌ವಾಲ್‌ನ ಗಣಿ ಕಾರ್ಮಿಕರನ್ನ ಕರೆಸಿ ರಾದರ್‌ಹೈತ್ ಹತ್ತಿರ ಅಗೆಸಿದ್ರು. ಅದರಲ್ಲಿ ರಿಚರ್ಡ್ ಟ್ರೆವಿಥಿಕ್ ಇದ್ದ. ಉಗಿಬಂಡಿಯ ಇತಿಹಾಸ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ, ಹಳಿ ಮೇಲೆ ಮೊದಲು ಉಗಿ ಎಂಜಿನ್ ಓಡಿಸಿದವನು. ಗಟ್ಟಿ ಬಂಡೆ ಒಡೆದು ಅಭ್ಯಾಸ ಇದ್ದ ಜನ ಅವರು. ಇಲ್ಲಿ ಬಂಡೆ ಎಲ್ಲಿದೆ? ಕೈ ಹಾಕಿದ್ರೆ ಹರಿಯೋ ಮರಳು. ಸುಮಾರು ಸಾವಿರ ಅಡಿ ಹೋದ್ರು, ಇನ್ನು ಇನ್ನೂರು ಅಡಿ ಬಾಕಿ. ನೀರು ನುಗ್ಗಿತು. ಕೆಲಸ ನಿಂತಿತು. ಮೆತ್ತನೆ ಮಣ್ಣಿನಲ್ಲಿ ನದಿಯ ಕೆಳಗೆ ಸುರಂಗ ಅಸಾಧ್ಯ ಅಂತ ತಿಳಿದವರೆಲ್ಲ ಷರಾ ಬರೆದುಬಿಟ್ರು.

ಈಗ ಬರ್ತಾನೆ ನಮ್ಮ ಕಥಾನಾಯಕ. ಮಾರ್ಕ್ ಇಸಂಬಾರ್ಡ್ ಬ್ರೂನೆಲ್. ಇಂಗ್ಲಿಷರವನಲ್ಲ, ಫ್ರಾನ್ಸ್‌ನವನು. 1769ರಲ್ಲಿ ನಾರ್ಮಂಡಿಯ ಒಂದು ಹಳ್ಳಿಯಲ್ಲಿ ಹುಟ್ಟಿದ. ಫ್ರೆಂಚ್ ಕ್ರಾಂತಿ ಆದಾಗ ಈತ ರಾಜನ ಪರ. ತಲೆ ಉಳಿಸಿಕೊಳ್ಳೋಕೆ 1793ರಲ್ಲಿ ಅಮೆರಿಕಕ್ಕೆ ಓಡಿದ. ಅಲ್ಲಿ ನ್ಯೂಯಾರ್ಕ್ ನಗರದ ಮುಖ್ಯ ಎಂಜಿನಿಯರ್ ಆದ. 1799ರಲ್ಲಿ ಇಂಗ್ಲೆಂಡಿಗೆ ಬಂದ, ಫ್ರಾನ್ಸ್‌ನಲ್ಲಿದ್ದಾಗಲೇ ಮನಸ್ಸು ಕೊಟ್ಟಿದ್ದ ಸೋಫಿಯಾ ಕಿಂಗ್ಡಮ್ ಅನ್ನೋ ಹುಡುಗಿಯನ್ನ ಮದುವೆಯಾದ. ಬ್ರಿಟಿಷ್ ನೌಕಾಪಡೆಗೆ ಹಗ್ಗದ ರಾಟೆ ತಯಾರಿಸೋ ಯಂತ್ರಗಳನ್ನ ಮಾಡಿಕೊಟ್ಟ. ತಲೆ ಅಂದ್ರೆ ತಲೆ. ಆದ್ರೆ ವ್ಯವಹಾರ? ಸೊನ್ನೆ. ಮರ ಕೊಯ್ಯೋ ಮಿಲ್ ಹಾಕಿದ, ಬೆಂಕಿ ಬಿತ್ತು. ಸೈನಿಕರಿಗೆ ಬೂಟು ತಯಾರಿಸೋ ಕಾರ್ಖಾನೆ ಹಾಕಿದ, ಅಷ್ಟರಲ್ಲಿ ವಾಟರ್‌ಲೂ ಯುದ್ಧ ಮುಗಿದು ಬೂಟು ಕೇಳೋರೇ ಇಲ್ಲ. 1821ರಲ್ಲಿ ಸಾಲ ತೀರಿಸೋಕಾಗದೆ ಜೈಲಿಗೆ ಹೋದ. ಹೆಂಡತಿಯೂ ಜೊತೆಗೆ ಹೋಗಿ ಅಲ್ಲೇ ಇದ್ದಳು. ಕೊನೆಗೆ ರಷ್ಯಾದ ತ್ಸಾರ್ ಹತ್ತಿರ ಕೆಲಸಕ್ಕೆ ಹೋಗಿಬಿಡ್ತಾನೆ ಅನ್ನೋ ಭಯಕ್ಕೆ ಬ್ರಿಟಿಷ್ ಸರ್ಕಾರ 5,000 ಪೌಂಡ್ ಕೊಟ್ಟು ಬಿಡಿಸಿತು. ಷರತ್ತು ಒಂದೇ, ದೇಶ ಬಿಟ್ಟು ಹೋಗಬಾರದು. ಪ್ರತಿಭಾ ಪಲಾಯನ ಅಂತ ನಾವು ಚರ್ಚೆ ಇಡ್ತೀವಲ್ಲ, ಅದನ್ನ ತಡೆಯೋ ಒಂದು ವಿಧಾನ ಇದು!

ಈ ಮನುಷ್ಯನಿಗೆ ಸುರಂಗದ ಐಡಿಯಾ ಕೊಟ್ಟಿದ್ದು ಒಂದು ಹುಳ.

ಹಡಗು ಕೊರಕ ಹುಳ. ಟೆರೆಡೊ ಅಂತಾರೆ. ಹೆಸರಿಗೆ ಹುಳ ಅಷ್ಟೇ, ಜಾತಿಯಲ್ಲಿ ಅದು ಮಳಿಯಂಥ ಚಿಪ್ಪಿನ ಜೀವಿ. ಮರದ ಹಡಗುಗಳ ತಳವನ್ನ ಕೊರೆದು ಜರಡಿ ಮಾಡಿಬಿಡುತ್ತೆ. ಡಾಕ್‌ಯಾರ್ಡ್‌ನಲ್ಲಿ ಇಂಥ ಹುಳ ತಿಂದ ಮರದ ತುಂಡೊಂದನ್ನ ಬ್ರೂನೆಲ್ ಕೈಗೆತ್ತಿಕೊಂಡು ನೋಡಿದ. ಬೇರೆಯವರು ಅದನ್ನ ಒಲೆಗೆ ಹಾಕ್ತಿದ್ರು. ಈತ ಭೂತಗನ್ನಡಿ ಹಿಡಿದು ಕೂತ. ಏನು ಕಂಡಿತು? ಹುಳದ ತಲೆಯ ಮೇಲೆ ಗಟ್ಟಿ ಚಿಪ್ಪು ಇದೆ. ಆ ಚಿಪ್ಪು ತಲೆಯನ್ನ ಕಾಪಾಡುತ್ತೆ, ಜೊತೆಗೆ ಮರವನ್ನ ಉಜ್ಜಿ ಕೊರೆಯುತ್ತೆ. ಮುಂದೆ ಮುಂದೆ ಹೋದಂಗೆ ಹಿಂದೆ ತಾನು ಬಂದ ದಾರಿಯ ಗೋಡೆಗೆ ಸುಣ್ಣದಂಥ ಲೇಪ ಹಚ್ಚಿಕೊಂಡು ಹೋಗುತ್ತೆ. ನೆನೆದ ಮರ ಉಬ್ಬಿ ಬಿಲ ಮುಚ್ಚಿಹೋಗದ ಹಾಗೆ.

ಎರಡು ಕೆಲಸ. ಮುಂದೆ ಗುರಾಣಿ, ಹಿಂದೆ ಗೋಡೆ. ಇದನ್ನೇ ಮನುಷ್ಯ ಮಾಡಿದ್ರೆ? 1818ರಲ್ಲಿ ಬ್ರೂನೆಲ್ ಇದಕ್ಕೆ ಪೇಟೆಂಟ್ ತಗೊಂಡ. 1824ರಲ್ಲಿ ಥೇಮ್ಸ್ ಟನೆಲ್ ಕಂಪನಿ ಆಯ್ತು. ಷೇರು ಮಾರಿದ್ರು, ದುಡ್ಡು ಬಂತು. ದಕ್ಷಿಣ ದಡದ ರಾದರ್‌ಹೈತ್‌ನಿಂದ ಉತ್ತರ ದಡದ ವಾಪಿಂಗ್‌ಗೆ ಸುರಂಗ. 1825ರಲ್ಲಿ ಕೆಲಸ ಶುರು. ಬ್ರೂನೆಲ್‌ಗೆ ಆಗ 55 ವರ್ಷ.

ನಮ್ಮ ಕುಂದಾಪುರದ ಹುಡುಗನಿಗೆ ಇಷ್ಟವಾಗೋ ಭಾಗ ಈಗ ಬರುತ್ತೆ. ಸುರಂಗಕ್ಕೆ ಇಳಿಯೋಕೆ ಮೊದಲು ದಡದಲ್ಲಿ ಆಳವಾದ ಗುಂಡಿ ಬೇಕು. ಮರಳು ಮಿಶ್ರಿತ ಮಣ್ಣು, ಅಗೆದಷ್ಟೂ ಕುಸಿಯುತ್ತೆ. ಬ್ರೂನೆಲ್ ಏನು ಮಾಡಿದ? ನೆಲದ ಮೇಲೆ 50 ಅಡಿ ಅಗಲದ ಕಬ್ಬಿಣದ ಬಳೆ ಇಟ್ಟ. ಅದರ ಮೇಲೆ 40 ಅಡಿ ಎತ್ತರಕ್ಕೆ ಇಟ್ಟಿಗೆ ಗೋಡೆ ಕಟ್ಟಿದ. ಗುಂಡಿ ಇಲ್ಲದೇ ಬಾವಿ ಕಟ್ಟಿದ ಹಾಗೆ! ನೋಡಿದವರು ನಕ್ಕಿರಬೇಕು. ಆಮೇಲೆ ಒಳಗಿನಿಂದ ಮಣ್ಣು ತೆಗೀತಾ ಹೋದ್ರು. ತನ್ನದೇ ಭಾರಕ್ಕೆ ಇಡೀ ಗೋಪುರ ನಿಧಾನವಾಗಿ ನೆಲದೊಳಗೆ ಇಳಿಯಿತು. ನಮ್ಮ ಕರಾವಳಿಯಲ್ಲಿ ಸಿಮೆಂಟ್ ರಿಂಗ್ ಇಟ್ಟು ಬಾವಿ ಇಳಿಸ್ತಾರಲ್ಲ, ಅದೇ ತಂತ್ರ. ಅದೇ ವರ್ಷದ ನವೆಂಬರ್ ಹೊತ್ತಿಗೆ ಬಾವಿ ಸಿದ್ಧ.

ಇನ್ನು ಗುರಾಣಿ. ಶೀಲ್ಡ್. ಇದನ್ನ ಸ್ವಲ್ಪ ನಿಧಾನವಾಗಿ ಅರ್ಥ ಮಾಡಿಕೊಳ್ಳೋಣ, ಯಾಕಂದ್ರೆ ಇಡೀ ಕಥೆಯ ಜೀವ ಇಲ್ಲೇ ಇದೆ.

ಒಂದು ದೊಡ್ಡ ಪುಸ್ತಕದ ಕಪಾಟು ಕಲ್ಪನೆ ಮಾಡಿಕೊಳ್ಳಿ. ಎರಡು ಅಂತಸ್ತಿನ ಮನೆಯಷ್ಟು ಎತ್ತರ. ಪಕ್ಕಪಕ್ಕ 12 ಕಬ್ಬಿಣದ ಚೌಕಟ್ಟುಗಳು, ಪ್ರತಿಯೊಂದೂ 3 ಅಡಿ ಅಗಲ. ಪ್ರತಿ ಚೌಕಟ್ಟಿನಲ್ಲಿ ಒಂದರ ಮೇಲೊಂದು 3 ಗೂಡು. ಒಟ್ಟು 36 ಗೂಡು. ಒಂದೊಂದು ಗೂಡಿನಲ್ಲಿ ಒಬ್ಬೊಬ್ಬ ಮನುಷ್ಯ. ಅವನ ಮುಂದೆ ಬರೀ ಮಣ್ಣು. ಆದ್ರೆ ಆ ಮಣ್ಣು ಬೀಳದ ಹಾಗೆ ಅಡ್ಡಡ್ಡ ಹಲಗೆಗಳನ್ನ ಇಟ್ಟು ಹಿಂದಿನಿಂದ ಸ್ಕ್ರೂ ಬಿಗಿದಿದ್ದಾರೆ. ಕೆಲಸಗಾರ ಒಂದು ಹಲಗೆ ಮಾತ್ರ ತೆಗೀತಾನೆ. ಅದರ ಹಿಂದಿನ ಮಣ್ಣನ್ನ ಕೆಲವೇ ಇಂಚು ಅಗೀತಾನೆ. ಹಲಗೆಯನ್ನ ಆ ಜಾಗಕ್ಕೆ ಮುಂದೆ ತಳ್ಳಿ ಮತ್ತೆ ಸ್ಕ್ರೂ ಬಿಗೀತಾನೆ. ಆಮೇಲೆ ಕೆಳಗಿನ ಹಲಗೆ. ಆಮೇಲೆ ಅದರ ಕೆಳಗಿಂದು. ಯಾವ ಹೊತ್ತಿನಲ್ಲೂ ನದಿಗೆ ತೆರೆದಿರೋದು ಒಂದೊಂದು ಹಲಗೆಯಷ್ಟು ಜಾಗ ಮಾತ್ರ. ಒಂದು ಚೌಕಟ್ಟಿನ ಹಲಗೆಗಳೆಲ್ಲ ಮುಂದೆ ಹೋದ್ಮೇಲೆ ಆ ಚೌಕಟ್ಟನ್ನೇ ಜಾಕ್ ಹಾಕಿ ಮುಂದಕ್ಕೆ ತಳ್ಳೋದು. ಜಾಕ್‌ಗೆ ಆಧಾರ ಯಾವುದು? ಹಿಂದೆ ಆಗಷ್ಟೇ ಕಟ್ಟಿದ ಇಟ್ಟಿಗೆ ಗೋಡೆ. ಮುಂದೆ ಅಗೆಯೋರು, ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಗಾರೆಯವರು.

ಹೀಗೆ ವಾರಕ್ಕೆ ಎಷ್ಟು ದೂರ? 8ರಿಂದ 12 ಅಡಿ. ಅಷ್ಟೇ. ದಾಟಬೇಕಾದ ದೂರ ಸುಮಾರು 1,300 ಅಡಿ.

ಲೆಕ್ಕ ಹಾಕಿ ನೋಡಿದ್ರೆ ಮೂರು ವರ್ಷದ ಕೆಲಸ. ಬ್ರೂನೆಲ್ ಹೇಳಿದ್ದೂ ಅದೇ, ಮೂರು ವರ್ಷದಲ್ಲಿ ಮುಗೀತದೆ ಅಂತ. ನಮ್ಮ ಬೆಂಗಳೂರಿನ ಮೇಲ್ಸೇತುವೆಗಳ ಗಡುವು ನೆನಪಾಯ್ತಾ? ನನಗಂತೂ ಆಯ್ತು. ಆದ್ರೆ ಇಲ್ಲಿ ತಪ್ಪು ಬ್ರೂನೆಲ್‌ದಲ್ಲ. ಭೂಗರ್ಭ ತಜ್ಞರು ನದಿಯಡಿಯಲ್ಲಿ ಉದ್ದಕ್ಕೂ ಗಟ್ಟಿಯಾದ ನೀಲಿ ಜೇಡಿ ಮಣ್ಣಿದೆ ಅಂದಿದ್ರು. ಜೇಡಿ ಮಣ್ಣು ನೀರು ಬಿಡಲ್ಲ, ಅದರಲ್ಲಿ ಹೋದ್ರೆ ಆರಾಮ. ಹೋಗಿ ನೋಡಿದ್ರೆ ಜೇಡಿ ಅಲ್ಲಲ್ಲಿ ಮಾತ್ರ. ಮಧ್ಯೆ ಮಧ್ಯೆ ಜಲ್ಲಿ, ಮರಳು, ಅದರೊಳಗಿಂದ ಸೋರೋ ನೀರು.

ಆ ನೀರು ಎಂಥದ್ದು ಗೊತ್ತಾ? ಆಗಿನ ಥೇಮ್ಸ್ ಅಂದ್ರೆ ಲಂಡನ್ನಿನ ಮೋರಿ. ಇಡೀ ಊರಿನ ಹೇಸಿಗೆ ಅದರಲ್ಲೇ ಹರೀತಿತ್ತು. ಅದು ಹಲಗೆಗಳ ಸಂದಿಯಿಂದ ಆ 36 ಗೂಡುಗಳ ಒಳಗೆ, ಅಲ್ಲಿ ನಿಂತವರ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕೊಳೆತ ಮಣ್ಣಿನಿಂದ ಹೊರಡೋ ಮೀಥೇನ್ ಅನಿಲಕ್ಕೆ ದೀಪದ ಕಿಡಿ ತಾಗಿ ಭಗ್ ಅಂತ ಉರೀತಿತ್ತು. ಜನ ತಲೆ ಸುತ್ತಿ ಬೀಳ್ತಿದ್ರು, ಕಣ್ಣು ಮಂಜಾಗ್ತಿತ್ತು, ಜ್ವರ. ಕೆಲಸದ ಮೇಲ್ವಿಚಾರಣೆಗಿದ್ದ ಸ್ಥಾನಿಕ ಎಂಜಿನಿಯರ್ ವಿಲಿಯಂ ಆರ್ಮ್‌ಸ್ಟ್ರಾಂಗ್ 1826ರ ಏಪ್ರಿಲ್‌ನಲ್ಲಿ ಕಾಯಿಲೆ ಬಿದ್ದು ಹೊರಟುಹೋದ. ಅವನ ಜಾಗಕ್ಕೆ ಬಂದಿದ್ದು ಬ್ರೂನೆಲ್‌ನ ಮಗ. ಇಸಂಬಾರ್ಡ್ ಕಿಂಗ್ಡಮ್ ಬ್ರೂನೆಲ್. ವಯಸ್ಸು 20.

ಈ ಹೆಸರು ಎಂಜಿನಿಯರಿಂಗ್ ಓದಿದವರಿಗೆ ಗೊತ್ತಿದ್ದೇ ಇರುತ್ತೆ. ಮುಂದೆ ಗ್ರೇಟ್ ವೆಸ್ಟರ್ನ್ ರೈಲು ಮಾರ್ಗ ಕಟ್ಟಿದವನು, ಗ್ರೇಟ್ ಈಸ್ಟರ್ನ್ ಅನ್ನೋ ದೈತ್ಯ ಹಡಗು ಕಟ್ಟಿದವನು. ಆದ್ರೆ ಆಗ ಅವನು ಬರೀ ಅಪ್ಪನ ಮಗ. ನಮ್ಮ ಕಾಲದಲ್ಲಾಗಿದ್ರೆ ಕುಟುಂಬ ರಾಜಕಾರಣ ಅಂತ ಒಂದು ಗಂಟೆ ಕಾರ್ಯಕ್ರಮ ಮಾಡ್ತಿದ್ವಿ. ಈ ಹುಡುಗ ಮಾತ್ರ ಹಗಲು ರಾತ್ರಿ ಸುರಂಗದಲ್ಲೇ ಬಿದ್ದಿದ್ದ.

ಕಂಪನಿಯ ನಿರ್ದೇಶಕರಿಗೆ ದುಡ್ಡಿನ ಚಿಂತೆ. ಅವರೊಂದು ಉಪಾಯ ಮಾಡಿದ್ರು. ಕೆಲಸ ನಡೀತಿರೋವಾಗಲೇ ಸುರಂಗ ನೋಡೋಕೆ ಬನ್ನಿ, ತಲೆಗೆ ಒಂದು ಶಿಲ್ಲಿಂಗ್! ದಿನಕ್ಕೆ 600-800 ಜನ ಬರೋಕೆ ಶುರು ಮಾಡಿದ್ರು. ಯೋಚನೆ ಮಾಡಿ, ಮುಂದೆ ನದಿಯನ್ನ ತಡೆದಿರೋದು ಬರೀ ಹಲಗೆ, ಹಿಂದೆ ಟಿಕೆಟ್ ತಗೊಂಡು ಬಂದ ಹೆಂಗಸರು ಮಕ್ಕಳು. ಬ್ರೂನೆಲ್‌ಗೆ ಇದು ಇಷ್ಟವಿರಲಿಲ್ಲ. ಏನು ಮಾಡೋದು, ಷೇರುದಾರರ ಮಾತು.

1827ರ ಮೇ 18. ಸುರಂಗ 549 ಅಡಿ ಹೋಗಿತ್ತು. ನದಿ ಒಳಗೆ ಬಂತು. ಕೆಲಸಗಾರರು ಎದ್ದುಬಿದ್ದು ಓಡಿ ಬಾವಿಯ ಮೆಟ್ಟಿಲು ಹತ್ತಿದ್ರು. ಅವತ್ತು ಅದೃಷ್ಟ, ಎಲ್ಲರೂ ಮೇಲೆ ಬಂದ್ರು. ಆಮೇಲೆ ಆ ತೂತು ಮುಚ್ಚೋದು ಹೇಗೆ? ಇಸಂಬಾರ್ಡ್ ಗಂಟೆಯಾಕಾರದ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಕೂತು ದೋಣಿಯಿಂದ ನದಿಯ ತಳಕ್ಕೇ ಇಳಿದ. ಡೈವಿಂಗ್ ಬೆಲ್ ಅಂತಾರೆ. ಬೋರಲು ಹಾಕಿದ ಲೋಟವನ್ನ ನೀರಿಗೆ ಅದುಮಿದ್ರೆ ಒಳಗೆ ಗಾಳಿ ಉಳಿಯುತ್ತಲ್ಲ, ಅದೇ. ಕೆಳಗೆ ಹೋಗಿ ತೂತು ನೋಡಿ ಬಂದ. ಜೇಡಿ ಮಣ್ಣು ತುಂಬಿದ ಚೀಲಗಳನ್ನ ರಾಶಿ ರಾಶಿಯಾಗಿ ನದಿಗೆ ಸುರಿದು ತೂತು ಮುಚ್ಚಿದ್ರು. ನೀರು ಬಳಿದು, ಕೆಸರು ತೆಗೆದು, ತಿಂಗಳುಗಟ್ಟಲೆ ಆದ್ಮೇಲೆ ಮತ್ತೆ ಗುರಾಣಿ ಸಿಕ್ಕಿತು.

ಷೇರುದಾರರ ಭಯ ಹೋಗಬೇಕಲ್ಲ? ನವೆಂಬರ್ 10ಕ್ಕೆ ಸುರಂಗದೊಳಗೇ ಔತಣ ಇಟ್ರು. ಕಮಾನಿಗೆ ಕೆಂಪು ಪರದೆ, ಮೇಜಿನ ಮೇಲೆ ದೀಪ, ಸೈನ್ಯದ ಬ್ಯಾಂಡ್. ಒಂದು ಕಮಾನಿನಲ್ಲಿ ಗಣ್ಯರು, ಪಕ್ಕದ ಕಮಾನಿನಲ್ಲಿ ನೂರಕ್ಕೂ ಹೆಚ್ಚು ಕೆಲಸಗಾರರು. ಅವರಿಗೂ ಊಟ.

ಸರಿಯಾಗಿ ಎರಡು ತಿಂಗಳು. 1828ರ ಜನವರಿ 12ರ ಬೆಳಗಿನ ಜಾವ ನದಿ ಮತ್ತೆ ಬಂತು. ಈ ಸಲ ಓಡೋಕೆ ಸಮಯ ಸಿಗಲಿಲ್ಲ. ಗುರಾಣಿಯ ಹತ್ತಿರ ಇಸಂಬಾರ್ಡ್ ಜೊತೆ ಇದ್ದವರು ಇಬ್ಬರು, ಬಾಲ್ ಮತ್ತು ಕಾಲಿನ್ಸ್. ದೀಪಗಳು ಆರಿದವು. ಮರದ ಅಟ್ಟಣಿಗೆ ಮೈಮೇಲೆ ಬಿತ್ತು. ಇಸಂಬಾರ್ಡ್ ಹೇಗೋ ಕಾಲು ಬಿಡಿಸಿಕೊಂಡು ಕತ್ತಲಲ್ಲಿ ಬಾವಿಯ ಕಡೆ ಬಂದ. ಹಿಂದಿನಿಂದ ಬಂದ ಅಲೆ ಅವನನ್ನ ಎತ್ತಿ ಬಾವಿಯ ಮೇಲ್ಭಾಗಕ್ಕೆ ತಂದು ಹಾಕಿತು. ಮೇಲಿದ್ದವರು ಎಳೆದುಕೊಂಡ್ರು. ಬಾಲ್ ಬರಲಿಲ್ಲ. ಕಾಲಿನ್ಸ್ ಬರಲಿಲ್ಲ. ಒಟ್ಟು ಆರು ಜನ ಸತ್ರು.

2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಜನ ಒಳಗೆ ಸಿಕ್ಕಿಹಾಕಿಕೊಂಡಿದ್ರಲ್ಲ, ಆ 17 ದಿನವೂ ನಾನು ಇದೇ ಕುರ್ಚಿಯಲ್ಲಿ ಕೂತಿದ್ದೆ. ದೊಡ್ಡ ಕೊರೆಯೋ ಯಂತ್ರ ಮುರಿದುಹೋದ್ಮೇಲೆ ಕೊನೆಯ ಕೆಲವು ಮೀಟರ್ ಕೈಯಲ್ಲೇ ಅಗೆದು ಅವರನ್ನ ಹೊರಗೆ ತಂದವರು ರ್ಯಾಟ್ ಹೋಲ್ ಗಣಿ ಕಾರ್ಮಿಕರು. ಎಲ್ಲ 41 ಜನ ಬದುಕಿದ್ರು. ಬ್ರೂನೆಲ್ ಪುರಾಣ ಓದುವಾಗ ಆ ಪುಟದಲ್ಲಿ ನಾನು ಸ್ವಲ್ಪ ಹೊತ್ತು ನಿಂತೆ. ಅಪ್ಪ ಮಗನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಬಾಲ್ ಯಾರು, ಕಾಲಿನ್ಸ್ ಯಾರು, ಮನೆಯಲ್ಲಿ ಯಾರಿದ್ರು ಅನ್ನೋದಕ್ಕೆ ಅರ್ಧ ಸಾಲಿನ ಜಾಗವನ್ನೂ ಬಹಳ ಜನ ಕೊಡಲ್ಲ.

ಇಸಂಬಾರ್ಡ್‌ಗೆ ಜೋರು ಪೆಟ್ಟಾಗಿತ್ತು. ಚೇತರಿಸಿಕೊಳ್ಳೋಕೆ ಬ್ರಿಸ್ಟಲ್ ಹತ್ತಿರದ ಕ್ಲಿಫ್ಟನ್‌ಗೆ ಹೋದ. ಅಲ್ಲಿ ಕಣಿವೆಗೆ ಸೇತುವೆ ಕಟ್ಟೋ ಸ್ಪರ್ಧೆ ಬಂತು, ನಕ್ಷೆ ಕಳಿಸಿದ. ಅವನ ದಾರಿ ಬೇರೆ ಆಯ್ತು.

ಅಪ್ಪ ಉಳಿದ. ದುಡ್ಡು ಮುಗಿದಿತ್ತು. ಆಗ ಪ್ರಧಾನಿಯಾಗಿದ್ದ ವೆಲ್ಲಿಂಗ್ಟನ್ ಡ್ಯೂಕ್, ಅದೇ ನೆಪೋಲಿಯನ್‌ನನ್ನ ಸೋಲಿಸಿದವನು, ಸಾರ್ವಜನಿಕರಿಂದ ದೇಣಿಗೆ ಎತ್ತೋಕೆ ಸಹಾಯಕ್ಕೆ ನಿಂತ. ಬೇಕಾದಷ್ಟು ಬರಲಿಲ್ಲ. 1828ರ ಆಗಸ್ಟ್‌ನಲ್ಲಿ ಗುರಾಣಿಯ ಮುಂದೆ ಗೋಡೆ ಕಟ್ಟಿ ಸುರಂಗ ಮುಚ್ಚಿದ್ರು. ಏಳು ವರ್ಷ. ಏಳು ವರ್ಷ ಅದು ಹಾಗೇ ಇತ್ತು. ದಿ ಟೈಮ್ಸ್ ಪತ್ರಿಕೆ ಅದಕ್ಕೊಂದು ಅಡ್ಡ ಹೆಸರು ಇಟ್ಟಿತು, 'ಗ್ರೇಟ್ ಬೋರ್' ಅಂತ. ಇದನ್ನ ನಿಮಗೆ ವಿವರಿಸೋದೇ ಬೇಡ, ಕನ್ನಡದಲ್ಲೂ ಅದು ಹಾಗೇ ಕೆಲಸ ಮಾಡುತ್ತೆ. ಬೋರ್‌ವೆಲ್ಲಿನ ಬೋರೂ ಹೌದು, ಬೋರ್ ಹೊಡೆಯೋ ಬೋರೂ ಹೌದು. ಒಪ್ಪಿಕೊಳ್ತೀನಿ, ಅವತ್ತು ನಾನು ಲಂಡನ್‌ನಲ್ಲಿ ಸುದ್ದಿ ಓದ್ತಿದ್ರೆ ಅದೇ ಹೆಡ್‌ಲೈನ್ ಹಾಕ್ತಿದ್ದೆ. ಇನ್ನೂ ಜೋರಾಗಿ ಹಾಕ್ತಿದ್ದೆ. ಆರು ಹೆಣ, ಷೇರುದಾರರ ದುಡ್ಡು ನೀರುಪಾಲು, ಅರ್ಧಕ್ಕೆ ನಿಂತ ಸುರಂಗ. ಅದನ್ನ ವಿಫಲ ಯೋಜನೆ ಅನ್ನದೇ ಇನ್ನೇನು ಅನ್ನಬೇಕಿತ್ತು? ಆ ಕ್ಷಣಕ್ಕೆ ಅದು ನಿಜವೂ ಹೌದು.

1834ರ ಡಿಸೆಂಬರ್‌ನಲ್ಲಿ ಸರ್ಕಾರದ ಖಜಾನೆಯಿಂದ ಸಾಲ ಸಿಕ್ಕಿತು, 2 ಲಕ್ಷ 47 ಸಾವಿರ ಪೌಂಡ್. ತುಕ್ಕು ಹಿಡಿದ 80 ಟನ್ನಿನ ಹಳೇ ಗುರಾಣಿಯನ್ನ ಬಿಚ್ಚಿ ತೆಗೆದು 140 ಟನ್ನಿನ ಹೊಸದನ್ನ ಕೂರಿಸಿದ್ರು. ಮೇಲಿನಿಂದ ಇಳಿಸಿ, ಸುರಂಗದ ತುದಿಯಲ್ಲಿ, ತಲೆಯ ಮೇಲೆ ನದಿ ಇರೋವಾಗಲೇ. ಮತ್ತೆ ಅಗೆತ. ಮತ್ತೆ ನೀರು. 1837ರಲ್ಲಿ ಎರಡು ಸಲ, 1838ರಲ್ಲಿ ಒಂದು ಸಲ ನದಿ ನುಗ್ಗಿತು. ಮತ್ತೆ ಬೆಂಕಿ, ಮತ್ತೆ ವಿಷಗಾಳಿ. ಈ ಭಾಗವನ್ನ ವಿಸ್ತಾರವಾಗಿ ಹೇಳಿದ್ರೆ ಹಿಂದಿನದ್ದೇ ಮತ್ತೆ ಹೇಳಿದ ಹಾಗಾಗುತ್ತೆ. ಬ್ರೂನೆಲ್‌ಗೂ ಹಾಗೇ ಅನಿಸಿರಬಹುದು. 1841ರ ಮಾರ್ಚ್‌ನಲ್ಲಿ ಸರ್ ಪದವಿ ಕೊಟ್ರು. ಅದೇ ವರ್ಷದ ನವೆಂಬರ್‌ಗೆ ಅಗೆತ ಮುಗೀತು.

1843ರ ಮಾರ್ಚ್ 25ಕ್ಕೆ ಉದ್ಘಾಟನೆ. ಬ್ರೂನೆಲ್‌ಗೆ 73 ವರ್ಷ. ಮೊದಲ ದಿನವೇ 50,000 ಜನ. ಒಬ್ಬರಿಗೆ ಒಂದು ಪೆನ್ನಿ. ಹತ್ತೇ ವಾರದಲ್ಲಿ ಹತ್ತು ಲಕ್ಷ ಜನ ನಡೆದು ಹೋದ್ರು. ವಿಕ್ಟೋರಿಯಾ ರಾಣಿಯೂ ಬಂದು ನೋಡಿದಳು. ಹಡಗು ಓಡಾಡೋ ನದಿಯ ತಳದಲ್ಲಿ ಯಶಸ್ವಿಯಾಗಿ ಕಟ್ಟಿದ ಜಗತ್ತಿನ ಮೊದಲ ಸುರಂಗ ಅಂತ ದಾಖಲಾಗಿರೋದು ಇದೇ.

ಆದ್ರೆ ಒಂದು ವಿಚಿತ್ರ ಕೇಳಿ. ಈ ಸುರಂಗ ತೆಗೆದಿದ್ದು ಯಾಕೆ? ಸರಕಿನ ಗಾಡಿಗಳು ದಾಟೋಕೆ. ಒಂದು ಗಾಡಿ ಕೂಡ ದಾಟಲಿಲ್ಲ! ಅಗೆಯೋಕೇ 4 ಲಕ್ಷ 54 ಸಾವಿರ ಪೌಂಡ್ ಆಗಿತ್ತು, ಮೆಟ್ಟಿಲು ದೀಪ ಅಂತ ಇನ್ನೂ 1 ಲಕ್ಷ 80 ಸಾವಿರ. ಗಾಡಿ ಇಳಿಯೋಕೆ ಎರಡೂ ದಡದಲ್ಲಿ ಇಳಿಜಾರು ರಸ್ತೆ ಬೇಕಿತ್ತು. ಅದಕ್ಕೆ ದುಡ್ಡು ಉಳಿಯಲಿಲ್ಲ. ಹಾಗಾಗಿ ಜಗತ್ತಿನ ಅದ್ಭುತ ಒಂದು ಕಾಲುದಾರಿ ಆಯ್ತು. ಕಮಾನುಗಳ ನಡುವೆ ಅಂಗಡಿ ಬಂದವು, ಸುರಂಗದ ಚಿತ್ರ ಇರೋ ಆಟಿಕೆ, ಬಟ್ಟಲು ಮಾರಿದ್ರು. ವರ್ಷ ಕಳೆದಂತೆ ಹೊಸತನ ಹೋಯ್ತು, ಮರ್ಯಾದಸ್ಥರು ಬರೋದು ನಿಲ್ಲಿಸಿದ್ರು, ಕಳ್ಳಕಾಕರ ಅಡ್ಡೆ ಆಯ್ತು. ಇದನ್ನೆಲ್ಲ ಪೂರ್ತಿ ನೋಡೋಕೆ ಬ್ರೂನೆಲ್ ಇರಲಿಲ್ಲ. 1849ರ ಡಿಸೆಂಬರ್‌ನಲ್ಲಿ ತೀರಿಕೊಂಡ.

1865ರಲ್ಲಿ ಒಂದು ರೈಲ್ವೆ ಕಂಪನಿ ಸುರಂಗ ಕೊಂಡಿತು. 1869ರ ಡಿಸೆಂಬರ್ 7ಕ್ಕೆ ಅದರಲ್ಲಿ ಮೊದಲ ರೈಲು ಓಡಿತು. ಗಾಡಿ, ಕುದುರೆಗಾಗಿ ಎತ್ತರ ಅಗಲ ಜಾಸ್ತಿ ಇಟ್ಟಿದ್ದ ಕಮಾನಿನೊಳಗೆ ಉಗಿಬಂಡಿ ಸರಾಗವಾಗಿ ಹಿಡಿಸಿತು. ಬ್ರೂನೆಲ್ ಕೆಲಸ ಶುರು ಮಾಡಿದಾಗ ಪ್ರಯಾಣಿಕರ ರೈಲು ಅನ್ನೋದು ಇನ್ನೂ ಕಣ್ಣು ಬಿಡ್ತಾ ಇತ್ತು.

ಅದೇ 1869ರಲ್ಲಿ ಅದೇ ಥೇಮ್ಸ್ ಕೆಳಗೆ, ಲಂಡನ್ ಟವರ್ ಹತ್ತಿರ, ಇನ್ನೊಂದು ಸಣ್ಣ ಸುರಂಗ ಆಯ್ತು. ಪೀಟರ್ ಬಾರ್ಲೋ ಮತ್ತು ಜೇಮ್ಸ್ ಗ್ರೇಟ್‌ಹೆಡ್ ಮಾಡಿದ್ದು. ಬ್ರೂನೆಲ್‌ನ ಚೌಕ ಗುರಾಣಿಯನ್ನ ಇವರು ದುಂಡಗೆ ಮಾಡಿದ್ರು, ಇಟ್ಟಿಗೆ ಬದಲು ಎರಕದ ಕಬ್ಬಿಣದ ಬಳೆ ಜೋಡಿಸಿದ್ರು. ಇವರಿಗೆ ಒಳ್ಳೆ ಜೇಡಿ ಮಣ್ಣೂ ಸಿಕ್ಕಿತು. ಅಗೆಯೋಕೆ ಒಂದು ವರ್ಷವೂ ಹಿಡಿಯಲಿಲ್ಲ! ಆಮೇಲೆ ಗ್ರೇಟ್‌ಹೆಡ್ ಇನ್ನೊಂದು ಸೇರಿಸಿದ: ಸುರಂಗದೊಳಗೆ ಒತ್ತಡದ ಗಾಳಿ ತುಂಬಿ ನೀರನ್ನ ಹೊರಗೇ ತಡೆಯೋದು.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಅಗೆಯೋವಾಗ ನೀರು ಯಾಕೆ ನುಗ್ಗಲ್ಲ?

ಇವತ್ತಿನ ಟನೆಲ್ ಬೋರಿಂಗ್ ಮಷಿನ್, ನಾವು ಟಿಬಿಎಂ ಅಂತೀವಲ್ಲ, ಬೆಂಗಳೂರು ಮೆಟ್ರೋದಲ್ಲಿ ಊರ್ಜಾ, ಅವನಿ, ತುಂಗಾ, ಭದ್ರಾ ಅಂತ ಹೆಸರಿಟ್ಟು ತೆಂಗಿನಕಾಯಿ ಒಡೆದು ಇಳಿಸಿದ್ರಲ್ಲ, ಅದು ಬ್ರೂನೆಲ್‌ನ ಗುರಾಣಿಯ ಮರಿಮಗ. ಹಲಗೆಗಳ ಜಾಗದಲ್ಲಿ ತಿರುಗೋ ಉಕ್ಕಿನ ಚಕ್ರ. ಕೊರೆದ ಮಣ್ಣನ್ನ ಕೂಡಲೇ ಹೊರಗೆ ಹಾಕಲ್ಲ. ಚಕ್ರದ ಹಿಂದೆ ಒಂದು ಕೋಣೆ ಇರುತ್ತೆ, ಅಲ್ಲಿ ಮಣ್ಣನ್ನ ಗಟ್ಟಿಯಾಗಿ ಒತ್ತಿ ತುಂಬಿಡುತ್ತೆ. ಹೊರಗೆ ನದಿ ಎಷ್ಟು ಒತ್ತುತ್ತೋ ಒಳಗಿನ ಮಣ್ಣು ಅಷ್ಟೇ ಒತ್ತುತ್ತೆ. ಕುಸ್ತಿಯಲ್ಲಿ ಇಬ್ಬರು ಪೈಲ್ವಾನರು ಭುಜಕ್ಕೆ ಭುಜ ಕೊಟ್ಟು ನಿಂತ ಹಾಗೆ. ಆ ಕೋಣೆಯಿಂದ ತಿರುಪಿನಂಥ ಕೊಳವೆಯೊಂದು ಅಳತೆ ನೋಡಿಕೊಂಡು ಮಣ್ಣನ್ನ ಹಿಂದಕ್ಕೆ ಎಳೀತಾ ಇರುತ್ತೆ. ಹಿಂದೆ ಕಾಂಕ್ರೀಟ್ ತುಂಡುಗಳನ್ನ ಬಳೆಯಾಗಿ ಜೋಡಿಸ್ತಾರೆ, ಸಂದಿಗೆ ರಬ್ಬರ್ ಪಟ್ಟಿ, ಬಳೆಯ ಹೊರಗಿನ ಪೊಳ್ಳಿಗೆ ಗಾರೆ. ಯಂತ್ರ ಅದೇ ಬಳೆಗೆ ಜಾಕ್ ಒತ್ತಿ ಮುಂದೆ ಹೋಗುತ್ತೆ. ಹೂಗ್ಲಿಯ ಕೆಳಗೆ ರಚನಾ, ಪ್ರೇರಣಾ ಅನ್ನೋ ಎರಡು ಯಂತ್ರಗಳು ನದಿತಳಕ್ಕಿಂತ ಸುಮಾರು 13 ಮೀಟರ್ ಕೆಳಗೆ ಹೋಗಿದ್ದು ಹೀಗೆ. ಮುಂದೆ ಚಿಪ್ಪು, ಹಿಂದೆ ಸುಣ್ಣದ ಲೇಪ. ಹುಳ ಮಾಡಿದ್ದೇ.

ಮಾರನೇ ದಿನ ಮೇಕಪ್ ರೂಮಿನಲ್ಲಿ ಆ ಹುಡುಗನನ್ನ ಕರೆದು ಪೇಪರ್ ಮೇಲೆ ಚಿತ್ರ ಬರೆದು ಇದನ್ನೆಲ್ಲ ಹೇಳಿದೆ. ರಿಂಗ್ ಬಾವಿಯ ಕಥೆಗೆ ಅವನು ನಕ್ಕ. 'ಆ ಹಳೇ ಸುರಂಗ ಈಗ ಇದೆಯಾ ಸಾರ್?' ಅಂದ.

ಇದೆ. 1990ರ ದಶಕದಲ್ಲಿ ಸೋರಿಕೆ ತಡೆಯೋಕೆ ಒಳಗೆಲ್ಲ ಕಾಂಕ್ರೀಟ್ ಬಳಿಯೋಕೆ ಹೋದಾಗ ದೊಡ್ಡ ಗಲಾಟೆ ಆಗಿ, 1995ರಲ್ಲಿ ಅದನ್ನ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದ್ರು. ಒಂದು ತುದಿಯ ಸ್ವಲ್ಪ ಭಾಗವನ್ನ ಮೂಲದಲ್ಲಿದ್ದ ಹಾಗೇ ಬಿಟ್ಟಿದ್ದಾರೆ. 2010ರಿಂದ ಲಂಡನ್ ಓವರ್‌ಗ್ರೌಂಡ್ ರೈಲುಗಳು ಅದರಲ್ಲಿ ಓಡಾಡ್ತಿವೆ. ಅಲ್ಲಿರೋ ನಮ್ಮ ಕನ್ನಡದವರು ಯಾರಾದ್ರೂ ಇದನ್ನ ಓದ್ತಿದ್ರೆ, ವಾಪಿಂಗ್ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ದಕ್ಷಿಣಕ್ಕೆ ನೋಡಿ. ಪಕ್ಕಪಕ್ಕ ಕುದುರೆ ಲಾಳದ ಆಕಾರದ ಎರಡು ಕಮಾನುಗಳು ಕಾಣ್ತವೆ. ಅದರ ಆಚೆ ರಾದರ್‌ಹೈತ್. ಬಾಲ್ ಮತ್ತು ಕಾಲಿನ್ಸ್ ಇಳಿದ ಬಾವಿ ಇರೋದು ಆ ಕಡೆಗೆ.